ಪಟ್ಟಲದಮ್ಮ ಕೊಡಿಸಿದ ಜಾಮೀನು

"ಗಂಡ ಇದ್ದರೆ ಅವರ ಸಹಿ ಬೇಕಮ್ಮ. ತೀರಿಕೊಂಡಿದ್ದರೆ ಡೆತ್ ಸರ್ಟಿಫಿಕೇಟ್ ಬೇಕು" ಅಂದರು ಬಿಡದಿಯ ಬ್ಯಾಂಕಿನ ಮ್ಯಾನೇಜರು.

"ನನ್ನ ಹತ್ತಿರ ಎರಡೂ ಇಲ್ಲ ಸಾರ್" ಅಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ. ನನ್ನ ಅರ್ಜಿಯನ್ನು ಇನ್ನೊಂದು ಸಲ ನೋಡಿ, ಮೆಲ್ಲಗೆ ನನ್ನ ಕಡೆಗೇ ಸರಿಸಿದರು. "ಒಂದು ಕೆಲಸ ಮಾಡಿ. ಜಮೀನು ಇರೋರು, ಇಲ್ಲ ಸರ್ಕಾರಿ ನೌಕರಿಯಲ್ಲಿ ಇರೋರು, ಯಾರಾದರೂ ಒಬ್ಬರನ್ನ ಜಾಮೀನಿಗೆ ಕರ್ಕೊಂಡು ಬನ್ನಿ. ನಿಮ್ಮ ಯಜಮಾನರ ವಿಷಯಾನೂ ಅವರು ಬಂದು ಹೇಳಲಿ. ಆಮೇಲೆ ನೋಡೋಣ. ನಿಮ್ಮೋರು ಅಂತ ಒಬ್ಬರಾದರೂ ಇರ್ತಾರಲ್ಲ?"

"ಇರ್ತಾರೆ ಸಾರ್" ಅಂತ ಹೇಳಿ ಎದ್ದು ಬಂದೆ. ಹೊರಗೆ ಮೈಸೂರು ರಸ್ತೆ ತುಂಬ ಜನ. ಶಿಫ್ಟ್ ಬಿಟ್ಟಿತ್ತು. ಕಾರು ಫ್ಯಾಕ್ಟರಿಯ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅಷ್ಟು ಜನರ ಮಧ್ಯೆ ನಿಂತು ನಮ್ಮೋರು ಅಂತ ಯಾರಿದ್ದಾರೆ ಎಂದು ಯೋಚನೆ ಮಾಡಿದೆ. ಒಂದು ಹೆಸರೂ ಬಾಯಿಗೆ ಬರಲಿಲ್ಲ.

ನನ್ನ ಹೆಸರು ಸರೋಜ. ಎಸ್ಸೆಸ್ಸೆಲ್ಸಿ ತನಕ ಓದಿದ್ದೇನೆ, ಬರೆಯುವ ಅಭ್ಯಾಸವಿಲ್ಲ. ಕೆರೆ ಏರಿ ಮೇಲಿರುವ ನಮ್ಮ ಪಟ್ಟಲದಮ್ಮನ ಗುಡಿಗೆ ಮಂಟಪ ಮುಗಿದ ಮೇಲೆ, ತಾಯಿಯಿಂದ ಒಳ್ಳೆಯದಾದವರು ಬರೆದುಕೊಡಿ, ಸೇರಿಸಿ ಪುಸ್ತಕ ಮಾಡೋಣ ಅಂತ ಗುಡಿಯ ಹಿರಿಯರು ಕೇಳಿದರು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ. ತಪ್ಪು ಒಪ್ಪು ಇದ್ದರೆ ತಾಯಿಯ ಒಕ್ಕಲಿನವರೆಲ್ಲ ಹೊಟ್ಟೆಗೆ ಹಾಕಿಕೊಳ್ಳಬೇಕು.

ಇದು ಎರಡು ಸಾವಿರದ ಐದು, ಆರನೇ ಇಸವಿಯ ಮಾತು. ರಾಮನಗರ ಆಗಿನ್ನೂ ಜಿಲ್ಲೆ ಆಗಿರಲಿಲ್ಲ. ನನ್ನ ತವರು ಮಾಗಡಿ ಕಡೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿಗೆ ಮದುವೆ ಮಾಡಿಕೊಟ್ಟಿದ್ದರು. ಯಜಮಾನರ ಹೆಸರು ರಾಜಣ್ಣ, ಟೆಂಪೊ ಓಡಿಸುತ್ತಿದ್ದರು. ಮಕ್ಕಳಾಗಲಿಲ್ಲ. ಒಂದು ದಿನ ಹೊಸೂರಿಗೆ ಲೋಡು ತೆಗೆದುಕೊಂಡು ಹೋದವರು ವಾಪಸು ಬರಲಿಲ್ಲ. ಟೆಂಪೊ ಮಾತ್ರ ಬೇರೆ ಡ್ರೈವರ್ ಕೈಯಲ್ಲಿ ಬಂತು. ಅಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ್ದಾರೆ ಅಂತ ಆ ಡ್ರೈವರೇ ನಮ್ಮ ಅಂಗಳದಲ್ಲಿ ನಿಂತು ಹೇಳಿ ಹೋದ.

ಅತ್ತೆ ಮನೆಯವರು ಊರಿಗೆ ಬೇರೆಯೇ ಕತೆ ಹೇಳಿದರು. "ಹೊಸೂರಲ್ಲಿ ಕಂಪನಿ ಕೆಲಸ ಸಿಕ್ಕೈತೆ, ರಜ ಇಲ್ಲ" ಅಂತ. ಮರ್ಯಾದೆಯ ಪ್ರಶ್ನೆ, ನಾನೂ ಸುಮ್ಮನಿದ್ದೆ. ಆದರೆ ಊರಿಗೆ ಏನು ಗೊತ್ತಾಗುವುದಿಲ್ಲ? ಹಬ್ಬದ ದಿನ ಅರಿಶಿನ ಕುಂಕುಮ ಕೊಡುವಾಗ ಹೆಂಗಸರು ನನ್ನ ಹತ್ತಿರ ಬಂದು ಒಂದು ಗಳಿಗೆ ಕೈ ತಡೆದು ಆಮೇಲೆ ಕೊಡುತ್ತಿದ್ದರು. ಆ ಒಂದು ಗಳಿಗೆ ತಡೆದುಕೊಳ್ಳುವುದು ನನಗೆ ಆಗಲಿಲ್ಲ.

ಮನೆ ಬಿಟ್ಟು ಹೊರಟ ದಿನ ಅತ್ತೆ ನಿಂಗಮ್ಮ ಹುಳು ಮನೆಯಲ್ಲಿದ್ದರು. ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಮಳೆ ಸುರಿದಂತೆ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತಿದ್ದವು. "ಹೋಗಿ ಬತ್ತೀನಿ ಅತ್ತೆ" ಅಂದೆ. ಅವರು ತಿರುಗಿ ನೋಡಲಿಲ್ಲ. ಸೊಪ್ಪು ಹಾಕುತ್ತಲೇ ಇದ್ದರು. ಹೋದರೆ ಹೋಗಲಿ, ಪೀಡೆ ಕಳೀತು ಅಂದುಕೊಂಡಿದ್ದಾರೆ ಅಂತ ತಿಳಿದು ಬಸ್ಸು ಹತ್ತಿದೆ.

ಬಿಡದಿಯಲ್ಲಿ ಒಂದು ವಠಾರದಲ್ಲಿ ರೂಮು ಹಿಡಿದೆ. ಫ್ಯಾಕ್ಟರಿಗಳಿಗೆ ಗ್ಲೌಸು ಹೊಲಿದುಕೊಡುವ ಒಂದು ಶೆಡ್ಡಿನಲ್ಲಿ ಕೆಲಸ. ಕಬ್ಬಿಣದ ಶೀಟು ಎತ್ತುವವರು ಕೈಗೆ ಹಾಕಿಕೊಳ್ಳುತ್ತಾರಲ್ಲ, ಗಟ್ಟಿ ಜೀನ್ಸ್ ಬಟ್ಟೆಯವು, ಅವು. ಗಾರ್ಮೆಂಟ್ಸಿನಲ್ಲಿ ಉಳಿದ ಕಟಿಂಗ್ ಪೀಸುಗಳನ್ನು ತೂಕದ ಮೇಲೆ ತಂದು ಕತ್ತರಿಸಿ ಹೊಲಿಯುತ್ತಿದ್ದೆವು. ಕೆಲಸ ಕಷ್ಟವಾಗಲಿಲ್ಲ. ಕಷ್ಟವಾದದ್ದು ಸಂಜೆ. ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟ ಜಾಗದಲ್ಲೇ ಇರುತ್ತಿತ್ತು. ಒಬ್ಬಳಿಗೆ ಮುದ್ದೆ ತಿರುವಲು ಬೇಜಾರಾಗಿ ಎಷ್ಟೋ ದಿನ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದು ಮುಗಿಸುತ್ತಿದ್ದೆ.

ಶುಕ್ರವಾರ ಮಾತ್ರ ಕೆರೆ ಏರಿಗೆ ಹೋಗುತ್ತಿದ್ದೆ. ಆಗ ಮಂಟಪ ಇರಲಿಲ್ಲ. ಹುಣಸೆ ಮರದ ಕೆಳಗೆ ಆಳೆತ್ತರದ ಗುಡಿ, ಒಳಗೆ ತಾಯಿ. ಅವಳೂ ಊರು ಬಿಟ್ಟು ಏರಿ ಮೇಲೆ ಒಬ್ಬಳೇ ಕೂತಿದ್ದಾಳೆ ಅನ್ನುವುದೇ ನನಗೆ ಸಮಾಧಾನ. ಬೇಡುತ್ತಿರಲಿಲ್ಲ. ಆ ವಾರ ಏನಾಯಿತು ಅಂತ ಮನಸ್ಸಿನಲ್ಲೇ ಹೇಳಿ ಬರುತ್ತಿದ್ದೆ. ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದರು?

ಒಂದು ಸಲ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಗೆ ಗ್ಲೌಸಿನ ಮೂಟೆ ಕೊಡಲು ನನ್ನನ್ನೇ ಕಳಿಸಿದ್ದರು. ಅಲ್ಲಿನ ಸ್ಟೋರ್ಸ್ ಸಾಹೇಬರು, ವಯಸ್ಸಾದವರು, "ಏನಮ್ಮ, ನೀವೇ ಸ್ವಂತ ಮಾಡಿ ಕೊಡೋ ಹಾಗಿದ್ದರೆ ಹೇಳಿ. ನಮಗೆ ತಿಂಗಳು ತಿಂಗಳು ಬೇಕು. ದುಡ್ಡು ಮಾತ್ರ ಎರಡು ತಿಂಗಳು ತಡ ಆಗುತ್ತೆ" ಅಂದರು. ಆ ಮಾತು ಕೇಳಿ ರೂಮಿಗೆ ನಡೆದುಕೊಂಡೇ ಬಂದೆ. ಬಸ್ಸು ಹತ್ತುವುದೇ ಮರೆತುಹೋಗಿತ್ತು. ನಾಲ್ಕು ಪವರ್ ಮಿಷನ್ನು, ಒಂದು ಸಣ್ಣ ಜಾಗ, ಎರಡು ತಿಂಗಳು ಬಟ್ಟೆಗೆ ಕೂಲಿಗೆ ಆಗುವಷ್ಟು ಬಂಡವಾಳ. ಅಷ್ಟಿದ್ದರೆ ನಾನೂ ನಾಲ್ಕು ಜನರಲ್ಲಿ ಒಬ್ಬಳಾಗುತ್ತಿದ್ದೆ.

ಈ ಮಾತು ಶೆಡ್ಡಿನ ಮಾಲೀಕರ ಕಿವಿಗೆ ಬಿದ್ದು ಅವರು ನನ್ನನ್ನು ಕೆಲಸದಿಂದ ಬಿಡಿಸಿದರು. ಇದ್ದ ಒಂದು ಹಳೆಯ ಮಿಷನ್ನಿನಲ್ಲಿ ಸೀರೆಗೆ ಫಾಲ್ಸ್ ಹಾಕಿಕೊಂಡು ಬಾಡಿಗೆ ಕಟ್ಟುವ ಸ್ಥಿತಿಗೆ ಬಂದೆ.

ಆ ಕಾಲದಲ್ಲಿ ಬಿಡದಿ ಬಸ್ ಸ್ಟಾಂಡಿನಲ್ಲಿ ಟೈ ಕಟ್ಟಿದ ಹುಡುಗರು ಬಣ್ಣದ ಛತ್ರಿ ಕೆಳಗೆ ಮೇಜು ಹಾಕಿಕೊಂಡು ಕ್ರೆಡಿಟ್ ಕಾರ್ಡ್ ಮಾಡಿಸುತ್ತಿದ್ದರು. ಫ್ಯಾಕ್ಟರಿ ಕೆಲಸದವರೆಲ್ಲ ಮಾಡಿಸಿಕೊಂಡರು. ವಠಾರದಲ್ಲಿ ಒಬ್ಬರು ಟೀವಿ ತಂದರು, ಇನ್ನೊಬ್ಬರು ಬೈಕಿಗೆ ಮುಂಗಡ ಕಟ್ಟಿದರು. ನಾನೂ ಹೋಗಿ ಹೆಸರು ಬರೆಸಿದೆ. ಬಟ್ಟೆಗಾದರೂ ಆದೀತು ಅಂತ. ಒಂದು ವಾರದ ಮೇಲೆ ವಿಚಾರಣೆಗೆ ಒಬ್ಬರು ರೂಮಿಗೆ ಬಂದರು.

"ಯಜಮಾನರು ಎಲ್ಲಿ?"

"ಇಲ್ಲಿಲ್ಲ."

"ಎಲ್ಲಿ ಕೆಲಸ?"

"ಗೊತ್ತಿಲ್ಲ ಸಾರ್."

ಅವರು ರೂಮಿನ ನಾಲ್ಕೂ ಗೋಡೆ ನೋಡಿದರು. ಕೊಟ್ಟ ನೀರನ್ನೂ ಕುಡಿಯದೆ ಹೋದರು. ಕಾರ್ಡು ಬರಲಿಲ್ಲ.

ಇನ್ನೊಂದು ತಮಾಷೆ ಹೇಳುತ್ತೇನೆ. ಆರ್ಡರಿಗೆ ಬೇಕಾಗುತ್ತದೆ ಅಂತ ಒಂದು ಹಳೆಯ ಮೊಬೈಲು ತೆಗೆದುಕೊಂಡಿದ್ದೆ. ಅದಕ್ಕೆ ಬರುತ್ತಿದ್ದದ್ದು ಕಾರ್ಡು ಮಾರುವ ಹುಡುಗಿಯರ ಫೋನು ಮಾತ್ರ. "ನಮಸ್ತೆ ಮೇಡಂ, ಹೇಗಿದ್ದೀರಾ?" ಅಂತ ಶುರು ಮಾಡುತ್ತಿದ್ದರು. ನನಗೆ ಕಾರ್ಡು ಕೊಡುವುದಿಲ್ಲ ಅಂತ ಗೊತ್ತಿದ್ದರೂ ಇಡುತ್ತಿರಲಿಲ್ಲ. ಪೂರ್ತಿ ಹೇಳಲಿ ಅಂತ ಕೇಳಿಸಿಕೊಳ್ಳುತ್ತಿದ್ದೆ. ಹೇಗಿದ್ದೀರಾ ಅಂತ ಕೇಳುವ ದನಿ ಆ ದಿನಗಳಲ್ಲಿ ಅದೊಂದೇ.

ಆಮೇಲೆ ಯಾರೋ ಹೇಳಿ ಬ್ಯಾಂಕಿಗೆ ಹೋದೆ. ಕೈಕೆಲಸದವರಿಗೆ ಅಂತಲೇ ಒಂದು ಕ್ರೆಡಿಟ್ ಕಾರ್ಡ್ ಯೋಜನೆ ಇದೆ, ಬಟ್ಟೆ ಬರೆಗೆ ಅದರಲ್ಲಿ ತೆಗೆದು ಕಟ್ಟುತ್ತಾ ಇರಬಹುದು, ಮಿಷನ್ನಿಗೆ ಬೇರೆ ಸಾಲ ಕೊಡಬಹುದು ಅಂತ ಮ್ಯಾನೇಜರು ವಿವರಿಸಿದರು. ನನ್ನ ಸ್ಯಾಂಪಲ್ ಗ್ಲೌಸನ್ನು ಕೈಗೆ ಹಾಕಿಕೊಂಡು ನೋಡಿ ನಕ್ಕರು ಕೂಡ. ಗಂಡನ ಸಹಿಯ ಮಾತು ಬಂದದ್ದು ಆಮೇಲೆ. ಅದನ್ನು ಮೊದಲೇ ಬರೆದೆ.

ಮಾಗಡಿಗೆ ಅಣ್ಣನ ಹತ್ತಿರ ಹೋದೆ. ಅತ್ತಿಗೆ ಕಾಫಿ ಕೊಟ್ಟು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತರು. ಅವರ ಕಾಲು ಕಾಣುತ್ತಿತ್ತು. ಅಣ್ಣ ನೆಲ ನೋಡಿಕೊಂಡು, "ಜಾಮೀನು ಅಂದ್ರೆ ನಾಳೆ ನಮ್ಮ ತಲೆ ಮ್ಯಾಲೆ ಬತ್ತದೆ ಕಣವ್ವ. ಮಕ್ಕಳವ್ರೆ. ನಿನ್ ಗಂಡನ ಕಡೆಯೋರ್ನ ಕೇಳ್ಬಾರ್ದಾ?" ಅಂದ.

"ಅವರೆಲ್ಲಿ ಸಹಿ ಹಾಕ್ತಾರೆ ಅಣ್ಣ?"

"ಅವ್ರೇ ಹಾಕ್ದಿದ್ದ ಮ್ಯಾಲೆ ನಾವೆಂಗೆ ಹಾಕದು?"

ಉಂಡು ಹೋಗು ಅಂದ. ಬಸ್ಸು ತಪ್ಪುತ್ತದೆ ಅಂತ ಹೇಳಿ ಹೊರಟೆ. ರಾಮನಗರದ ತನಕ ಬಸ್ಸು, ಅಲ್ಲಿಂದ ರೈಲು. ರೈಲಿನಲ್ಲಿ ಸೀಟು ಖಾಲಿ ಇತ್ತು, ಆದರೂ ಬಾಗಿಲ ಹತ್ತಿರವೇ ನಿಂತು ಬಂದೆ. ಕೂತರೆ ಪಕ್ಕದವರು ಯಾವ ಊರು, ಯಾರ ಮನೆ ಅಂತ ಕೇಳುತ್ತಾರೆ.

ಆ ಶುಕ್ರವಾರ ಮೊದಲ ಸಲ ತಾಯಿಯನ್ನು ಬೇಡಿದೆ. ಒದ್ದೆ ಹೂವನ್ನು ತಾಯಿಯ ಎರಡೂ ಭುಜಕ್ಕೆ ಅಂಟಿಸಿ, "ಕೇಳ್ಕೊ ತಾಯಿ" ಅಂದರು ಪೂಜಾರಪ್ಪ. ಕೈ ಮುಗಿದು ಕೇಳಿದೆ. 'ಅವರನ್ನು ವಾಪಸು ಕರೆಸು. ಸಂಸಾರ ಮಾಡದಿದ್ದರೆ ಬೇಡ. ಒಂದು ಸಹಿ ಹಾಕಿ ಹೋಗಲಿ.' ತುಂಬ ಹೊತ್ತು ಹೂ ಅಲ್ಲಾಡಲಿಲ್ಲ. ಆಮೇಲೆ ಎಡಗಡೆಯದು ಜಾರಿ ಬಿತ್ತು.

ಎಡಗಡೆ ಅಂದರೆ ಇಲ್ಲ ಅಂತ. ಪೂಜಾರಪ್ಪ ಕುಂಕುಮ ಕೊಟ್ಟರು. ನನಗೆ ತಡೆಯಲಾಗದ ಸಿಟ್ಟು ಬಂತು. "ನೀನೂ ಒಬ್ಬಳೇ ಕೂತಿದ್ದೀಯಲ್ಲ ತಾಯಿ, ನಿನಗೂ ತಿಳೀದಾ?" ಅಂತ ಎಲ್ಲರ ಮುಂದೆ ಜೋರಾಗಿ ಕೇಳಿಬಿಟ್ಟೆ. ಏರಿ ಇಳಿದು ಬಂದವಳು ಮುಂದಿನ ಶುಕ್ರವಾರ ಹೋಗಲಿಲ್ಲ. ಅದರ ಮುಂದಿನ ಶುಕ್ರವಾರವೂ ಹೋಗಲಿಲ್ಲ.

ಸ್ಟೋರ್ಸ್ ಸಾಹೇಬರು ದೀಪಾವಳಿ ತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತದೆ ಅಂದಿದ್ದರು. ಅವರಿಗೆ ತೋರಿಸಲು ಇನ್ನೊಂದಿಷ್ಟು ಜೊತೆ ಹೊಲಿಯುತ್ತಿದ್ದೆ. ಮನಸ್ಸು ಎಲ್ಲೋ ಇತ್ತು. ದಪ್ಪ ಬಟ್ಟೆ ಮೇಲೆ ಸೂಜಿ ಜಾರಿ ಎಡಗೈ ತೋರುಬೆರಳಿಗೆ ಉಗುರಿನ ಮೇಲಿಂದ ಇಳಿದು ಒಳಗೇ ಮುರಿಯಿತು. ಬಿಡದಿಯ ಡಾಕ್ಟರು ನೋಡಿ, ಎಕ್ಸ್‌ರೇ ಆಗಬೇಕು, ರಾಮನಗರದ ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಕೈಗೆ ಟವೆಲು ಸುತ್ತಿಕೊಂಡು ಬಸ್ಸು ಹತ್ತಿದೆ. ಒಂದು ಕೈಯಲ್ಲಿ ಪರ್ಸಿನ ಜಿಪ್ಪು ತೆಗೆಯಲು ಬರಲಿಲ್ಲ. ಹಲ್ಲಿನಲ್ಲಿ ಎಳೆದು ತೆಗೆದೆ.

ಆಸ್ಪತ್ರೆಯಲ್ಲಿ ಸಿಸ್ಟರ್ ಚೀಟಿ ಬರೆಯುತ್ತಾ, "ಜೊತೇಲಿ ಯಾರು ಬಂದವ್ರೆ?" ಅಂದರು.

"ಯಾರೂ ಇಲ್ಲ ಸಿಸ್ಟರ್."

"ಇಷ್ಟು ನೋವಿಟ್ಕಂಡು ಒಬ್ಬಳೇ ಬಂದ್ಯಾ?"

ಸೂಜಿ ಮುರಿದಾಗ ಅಳದಿದ್ದವಳು ಆ ಮಾತಿಗೆ ಅತ್ತುಬಿಟ್ಟೆ. ಚೂರು ತೆಗೆದು, ಇಂಜೆಕ್ಷನ್ ಕೊಟ್ಟು, ಬೆರಳಿಗೆ ದಪ್ಪ ಪಟ್ಟಿ ಕಟ್ಟಿ, ತಲೆ ಸುತ್ತಿದರೆ ಒಸಿ ಹೊತ್ತು ಕೂತು ಹೋಗು ಅಂದರು. ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತೆ. ಏನೂ ಬೇಡ, ಮಾಲೀಕರ ಕಾಲಿಗೆ ಬಿದ್ದು ಅದೇ ಶೆಡ್ಡಿಗೆ ಸೇರಿಕೊಳ್ಳೋಣ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಆಗ ಪಕ್ಕದ ಕಣ್ಣಿನ ವಿಭಾಗದ ಬಾಗಿಲಲ್ಲಿ ಒಂದು ದನಿ ಕೇಳಿತು.

"ನಮ್ಮುಡ್ಗ ಬತ್ತಾನೆ ಕಣವ್ವ. ಗೂಡು ಮಾರ್ಕೆಟ್ಟಿಗೆ ಹೋಗವ್ನೆ. ಒಸಿ ತಡಿ."

"ಎಷ್ಟೊತ್ತು ಅಂತ ತಡೀಲಿ ಅಜ್ಜಿ? ನಿಮ್ಮ ಸರದಿ ಬಂದೈತೆ. ಸಹಿ ಹಾಕೋರು ಮನೆಯೋರು ಇಲ್ಲದೆ ಆಪರೇಷನ್ ಮಾಡಲ್ಲ. ಮುಂದಿನ ಸಲ ಬನ್ನಿ."

ಕಣ್ಣು ಬಿಟ್ಟು ನೋಡಿದೆ. ನಮ್ಮ ಅತ್ತೆ. ಹಣೆಗೆ ಗುರುತಿನ ಪಟ್ಟಿ ಅಂಟಿಸಿದ್ದರು. ಎರಡೂ ಕಣ್ಣಿನಲ್ಲಿ ಪೊರೆ. ಗೋಡೆ ಹಿಡಿದುಕೊಂಡು ನಿಂತಿದ್ದರು. ಮೈದುನ ಶಿವಲಿಂಗ ಬೆಳಿಗ್ಗೆ ತಂದು ಬಿಟ್ಟು, ಹರಾಜು ತಪ್ಪುತ್ತದೆ ಅಂತ ರೇಷ್ಮೆ ಗೂಡಿನ ಮೂಟೆ ಜೊತೆ ಮಾರ್ಕೆಟ್ಟಿಗೆ ಹೋಗಿದ್ದ.

ನಿಜ ಹೇಳುತ್ತೇನೆ. ಎದ್ದು ಹೋಗಿಬಿಡಬಹುದಿತ್ತು. ಹೊರಬಾಗಿಲು ಎದುರಿಗೇ ಇತ್ತು. ಅವರಿಗೆ ನಾನು ಕಾಣುತ್ತಲೂ ಇರಲಿಲ್ಲ. ಆದರೆ ಅವರು "ಮುಂದ್ಲ ಸಲ ಯಾರು ಕರ್ಕಂಬತ್ತಾರವ್ವ" ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಆ ಮಾತಿನಲ್ಲಿ ನನ್ನದೇ ದನಿ ಕೇಳಿದ ಹಾಗಾಯಿತು. ಎದ್ದು ಹೋಗಿ ಸಿಸ್ಟರ್ ಎದುರು ನಿಂತೆ.

"ನಾನು ಹಾಕ್ತೀನಿ ಸಹಿ."

"ನೀವು ಏನಾಗಬೇಕು?"

"ಸೊಸೆ."

ಅತ್ತೆಯ ಮುಖ ನನ್ನ ದನಿ ಬಂದ ಕಡೆ ತಿರುಗಿತು. "ಸರೋಜಿಯಾ?" ಅಂದರು. ನಾನು ಹೂಂ ಅಂದೆ. ಪುಣ್ಯಕ್ಕೆ ಬಲಗೈ ಚೆನ್ನಾಗಿತ್ತು, ಸಹಿ ಹಾಕಿದೆ.

ಆಪರೇಷನ್ ಮುಗಿದು ವಾರ್ಡಿನಲ್ಲಿ ಮಲಗಿಸಿದ ಮೇಲೆ ಮಧ್ಯಾಹ್ನವೆಲ್ಲ ಪಕ್ಕದಲ್ಲಿ ಕೂತಿದ್ದೆ. ನೀರು ಕುಡಿಸುವಾಗ ನನ್ನ ಬೆರಳಿನ ಪಟ್ಟಿ ಅವರ ಕೈಗೆ ತಾಗಿತು.

"ಕೈಗೇನಾಗೈತಮ್ಮಿ?"

ಸೂಜಿಯಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಾ ಎಲ್ಲ ಹೇಳಿಬಿಟ್ಟೆ. ಆರ್ಡರು, ಕಾರ್ಡು, ಬ್ಯಾಂಕು, ಅಣ್ಣ. ಏನನ್ನೂ ಕೇಳಿಕೊಳ್ಳಬೇಕು ಅಂತ ಅಲ್ಲ. ಕೇಳುವವರು ಸಿಕ್ಕಿದ್ದಕ್ಕೆ ಮಾತು ತಾನಾಗಿ ಬಂತು. ಎಲ್ಲ ಮುಗಿದ ಮೇಲೆ ಅತ್ತೆ, "ಉಂಡ್ಯೇನಮ್ಮಿ?" ಅಂತ ಮಾತ್ರ ಕೇಳಿದರು. ಸಂಜೆ ಶಿವಲಿಂಗ ಬಂದ. ನನ್ನ ಮುಖ ನೋಡದೆ, "ನೀವಿನ್ನು ಹೋಗಿ ಅತ್ತಿಗೆ" ಅಂದ. ಬಂದುಬಿಟ್ಟೆ.

ದೀಪಾವಳಿ ಹತ್ತಿರ ಬಂತು. ಶೆಡ್ಡಿನ ಮಾಲೀಕರನ್ನು ಕಂಡು ಬರಲು ಸೀರೆ ಬದಲಾಯಿಸಿ ಹೊರಟಿದ್ದೆ. ವಠಾರದ ಗೇಟಿನಲ್ಲಿ ಯಾರೋ ಜಗಳ ಮಾಡಿದ ಹಾಗೆ ಕೇಳಿತು. "ಅಕ್ಕೂರಿಂದ ಬಂದಿವ್ನಿ. ಗ್ಲೌಸು ಹೊಲಿಯೋ ಸರೋಜಿ ರೂಮು ಯಾವ್ದು ಅಂತ ಕೇಳುದ್ರೆ ಒಬ್ರೂ ಹೇಳಲ್ವಲ್ರಪ್ಪ, ಒಂದೇ ಗ್ವಾಡೆ ಒಳಗೆ ಇದ್ಕಂಡು!"

ಕಪ್ಪು ಕನ್ನಡಕ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಒಬ್ಬರೇ ಬಂದಿದ್ದರು. ಒಳಗೆ ಕರೆದು ಕೂರಿಸಿದೆ. ಕವರಿನಿಂದ ಪಹಣಿ ತೆಗೆದು ನನ್ನ ತೊಡೆ ಮೇಲೆ ಇಟ್ಟರು. ಮಾವ ಹೋದ ಮೇಲೆ ಅವರ ಹೆಸರಿಗೆ ಬಂದಿದ್ದ ಹಿಪ್ಪುನೇರಳೆ ತೋಟದ್ದು.

"ಅದ್ಯಾವ ಬ್ಯಾಂಕು, ನಡಿ ತೋರ್ಸು."

"ಅತ್ತೆ, ಬೇಡ. ಶಿವಲಿಂಗ ಒಪ್ಪಿದ್ದಾನಾ?"

"ಇಲ್ಲ. ಮೂರು ದಿನದಿಂದ ಮಾತಾಡಿಲ್ಲ. ಆಡ್ದಿದ್ರೆ ಬುಡ್ಲಿ. ಅವ್ನ ಭಾಗ ಅವ್ನ ಹೆಸ್ರಲ್ಲೇ ಐತೆ. ಇದು ನಂದು."

ಅಷ್ಟು ಹೊತ್ತು ಹಿಡಿದಿದ್ದ ಮಾತು ಬಾಯಿಗೆ ಬಂತು. "ನಾನು ಹೊರಟ ದಿವಸ ತಿರುಗಿ ಕೂಡ ನೋಡಲಿಲ್ಲ ನೀವು. ಇವತ್ತು ಯಾಕೆ ಅತ್ತೆ?"

ಅತ್ತೆ ಕನ್ನಡಕ ತೆಗೆದರು. ಆಪರೇಷನ್ ಆದ ಕಣ್ಣು ಇನ್ನೂ ಕೆಂಪಗಿತ್ತು. "ಯಾವ ಮೊಕ ಇಟ್ಕಂಡು ನೋಡ್ಲಮ್ಮಿ?" ಅಂದರು. "ಅವ್ನನ್ನ ಹೆತ್ತೋಳು ನಾನು."

ಇಷ್ಟು ದಿನ ನಾನು ಅವರು ತಿರುಗಿಸಿದ್ದ ಬೆನ್ನನ್ನು ಸಿಟ್ಟು ಅಂದುಕೊಂಡಿದ್ದೆ.

ಬ್ಯಾಂಕಿನಲ್ಲಿ ಅವತ್ತು ಜನ ತುಂಬಿದ್ದರು. ಹಬ್ಬಕ್ಕೆ ದುಡ್ಡು ತೆಗೆಯಲು ಬಂದವರು. ನಮ್ಮ ವಠಾರದವರೂ ಇಬ್ಬರು ಸಾಲಿನಲ್ಲಿದ್ದರು. ಮ್ಯಾನೇಜರು ಪಹಣಿ ನೋಡಿ ಅತ್ತೆಗೆ ನಿಧಾನವಾಗಿ ತಿಳಿಸಿ ಹೇಳಿದರು. "ಅಮ್ಮ, ಇವರು ಕಟ್ಟದೇ ಹೋದರೆ ನಾವು ನಿಮ್ಮನ್ನ ಕೇಳ್ತೀವಿ. ನಿಮ್ಮ ಜಮೀನಿನ ಮೇಲೆ ಬರುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು ಸ್ವಾಮಿ."

"ನಿಮ್ಮ ಮಗ ಎಲ್ಲಿದ್ದಾರೆ? ಅದನ್ನೂ ನಾನು ಬರ್ಕೋಬೇಕು."

ನಾನು ಅತ್ತೆಯ ಮುಖ ನೋಡಿದೆ. ಹೊಸೂರಲ್ಲಿ ಕಂಪನಿ ಕೆಲಸ ಅಂತ ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದವರು. ಆ ಮಾತನ್ನೇ ಇಲ್ಲಿಯೂ ಹೇಳುತ್ತಾರೆ, ಹೇಳಿದರೆ ಸಹಿ ತನ್ನಿ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅತ್ತೆ ಕುರ್ಚಿಯಿಂದ ಎದ್ದು ನಿಂತರು. ಕಿವಿ ಮಂದ ಆದವರ ಹಾಗೆ ಅವರ ದನಿ ಮೊದಲಿನಿಂದಲೂ ಜೋರು.

"ನನ್ ಮಗ ಓಡೋಗವ್ನೆ ಸ್ವಾಮಿ. ಇನ್ನೊಬ್ಳ ಜೊತೆ ಅವ್ನೆ. ಇವ್ಳ ತಪ್ಪೇನೂ ಇಲ್ಲ. ಅವ್ನೇ ಬುಟ್ಟೋದೋನು. ಬರ್ಕಳಿ."

ಕೌಂಟರಿನಲ್ಲಿ ನೋಟು ಎಣಿಸುತ್ತಿದ್ದವರೂ ತಲೆ ಎತ್ತಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಇವಳ ತಪ್ಪಿಲ್ಲ ಅಂತ ಒಬ್ಬರು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ತವರಿನಲ್ಲಿ ಹೇಳಲಿಲ್ಲ, ಊರಿನಲ್ಲಿ ಹೇಳಲಿಲ್ಲ, ನಾನೂ ನನಗೆ ಹೇಳಿಕೊಂಡಿರಲಿಲ್ಲ. ಮ್ಯಾನೇಜರು ತಲೆ ಬಗ್ಗಿಸಿ ಬರೆದುಕೊಂಡರು. ಅತ್ತೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು.

ನಾನು ಸಾಲದ ವಿಚಾರ ಮರೆತೇಬಿಟ್ಟೆ. ಮ್ಯಾನೇಜರೇ ಎರಡು ಸಲ ಕರೆದು, ಇಲ್ಲಿ ಸಹಿ ಹಾಕಮ್ಮ ಅನ್ನಬೇಕಾಯಿತು.

ಹೋಟೆಲಿಗೆ ಹೋಗಿ ಊಟ ಮಾಡೋಣ ಅಂದರೆ ಅತ್ತೆ ಒಪ್ಪಲಿಲ್ಲ. ಹುಳಕ್ಕೆ ಸೊಪ್ಪಿಲ್ಲ, ಬಸ್ಸು ಹತ್ತಿಸು ಅಂದರು. ನನ್ನ ಜೊತೆ ಎರಡು ದಿನ ಇರಿ ಅಂದೆ. "ಮನೆ ಬುಟ್ಟಿರಕಾಯ್ತದಾ?" ಅಂತ ಬೈದರು. ಬಸ್ಸು ಬಂದಾಗ ಕಿಟಕಿ ಪಕ್ಕ ಕೂರಿಸಿದೆ. ಬಸ್ಸು ಹೊರಟಾಗ ಅವರು ಈ ಕಡೆಗೇ ತಿರುಗಿ ಕೂತಿದ್ದರು. ಕಪ್ಪು ಕನ್ನಡಕದ ಒಳಗೆ ಕಣ್ಣು ಎಲ್ಲಿ ನೋಡುತ್ತಿತ್ತೋ ತಿಳಿಯಲಿಲ್ಲ.

ಆ ಶುಕ್ರವಾರ ಕೆರೆ ಏರಿಗೆ ಹೋದೆ. ತಾಯಿಯ ಮುಂದೆ ಕೈ ಮುಗಿದು ನಿಂತೆ. ನಾನು ಬೇಡಿದ್ದಕ್ಕೆ ಅವಳು ಇಲ್ಲ ಅಂದಿದ್ದಳು. ಅವತ್ತು ಹೂಂ ಅಂದು ಆ ಮನುಷ್ಯನನ್ನು ಕರೆತಂದಿದ್ದರೆ? ಸಹಿ ಹಾಕಿದವನೇ ಮಿಷನ್ನು ಮಾರಿಕೊಂಡು ಹೋಗುತ್ತಿದ್ದನೋ ಏನೋ. ನಾನು ಕೇಳಿದ್ದು ಒಂದು ಸಹಿ. ಅವಳು ಮೊದಲು ನನ್ನ ಕೈಯಿಂದಲೇ ಒಂದು ಸಹಿ ಹಾಕಿಸಿದಳು. ಸೂಜಿ ಮುರಿದದ್ದು, ಆ ದಿನವೇ ಅತ್ತೆಯ ಸರದಿ ಬಂದದ್ದು, ಶಿವಲಿಂಗನಿಗೆ ಹರಾಜು ತಡವಾದದ್ದು, ಇದೆಲ್ಲ ಸುಮ್ಮನೆ ಕೂಡಿ ಬಂದದ್ದು ಅನ್ನುವವರು ಅನ್ನಲಿ. ಏರಿ ಮೇಲೆ ನಿಂತು ಅವಳನ್ನು ಬೈದವಳು ನಾನು. ಬೈದವಳನ್ನೂ ಅವಳು ಬಿಡಲಿಲ್ಲ ಅನ್ನುವುದು ನನಗೆ ಗೊತ್ತು.

ಕಾರ್ಡು ಬಂತು. ಟೈ ಹುಡುಗರು ತೋರಿಸುತ್ತಿದ್ದ ಹೊಳೆಯುವ ಪ್ಲಾಸ್ಟಿಕ್ಕಿನದಲ್ಲ. ರಟ್ಟಿನ ಹೊದಿಕೆ, ಒಳಗೆ ನನ್ನ ಫೋಟೊ, ಪಾಸ್‌ಬುಕ್ಕಿನಂಥದ್ದು. ಅದರಲ್ಲಿ ಬಟ್ಟೆ ತಂದೆ, ಸಾಲದಲ್ಲಿ ಮಿಷನ್ನು ತಂದೆ, ಹಳೆಯ ರೇಷ್ಮೆ ನೂಲಿನ ಘಟಕವೊಂದು ಮುಚ್ಚಿ ಖಾಲಿ ಬಿದ್ದಿದ್ದ ಜಾಗ ಬಾಡಿಗೆಗೆ ಸಿಕ್ಕಿತು. ಸ್ಟೋರ್ಸ್ ಸಾಹೇಬರು ಹೇಳಿದಂತೆ ಆರ್ಡರು ಕೊಟ್ಟರು, ಆದರೂ ಮೊದಲ ವರ್ಷ ಸುಲಭ ಇರಲಿಲ್ಲ. ಕಂಪನಿಯವರು ದುಡ್ಡು ತಡ ಮಾಡಿದಾಗ ಕಂತು ಕಟ್ಟಲು ಮೂಗುಬಟ್ಟು ಕೂಡ ಅಡವಿಟ್ಟೆ. ಅತ್ತೆಯ ತೋಟ ಕಣ್ಣ ಮುಂದೆ ಬರುತ್ತಿತ್ತು, ತಪ್ಪಿಸಲಿಲ್ಲ. ಆಮೇಲೆ ಹಾರೋಹಳ್ಳಿಯ ಎರಡು ಕಂಪನಿಯವರೂ ಕೇಳಿಕೊಂಡು ಬಂದರು. ಸಾಲ ತೀರಿದ ದಿನ ಪಹಣಿಯನ್ನು ನಾನೇ ಅಕ್ಕೂರಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಶಿವಲಿಂಗ ಆ ದಿನ ಕುರ್ಚಿ ಹಾಕಿದ.

ಒಂಟಿತನ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಯಜಮಾನರು ಬರಲಿಲ್ಲ. ಅತ್ತೆ ತಮ್ಮ ಮನೆ ಬಿಟ್ಟು ಬರಲಿಲ್ಲ, ನಾನು ಆ ಮನೆಗೆ ವಾಪಸು ಹೋಗಲಿಲ್ಲ. ಸಂಜೆ ಕೆಲಸದ ಹೆಂಗಸರು ಹೋದ ಮೇಲೆ ಮಿಷನ್ನುಗಳಿಗೆ ಬಟ್ಟೆ ಮುಚ್ಚಿ ಸ್ವಿಚ್ಚು ಆರಿಸುವಾಗ ಈಗಲೂ ಒಂದು ಗಳಿಗೆ ಬೀಗದ ಕೈ ಹಿಡಿದು ನಿಂತುಬಿಡುತ್ತೇನೆ. ತಾಯಿ ಆ ಒಂಟಿತನವನ್ನು ತೆಗೆಯಲಿಲ್ಲ. ಅದರ ಜೊತೆ ಬದುಕುವ ಧೈರ್ಯ ಕೊಟ್ಟಳು. ನನಗೆ ಯಾರೂ ಇಲ್ಲ ಅಂತ ಅಂದುಕೊಂಡು ಇದನ್ನು ಓದುತ್ತಿರುವವರು ಇದ್ದರೆ ಅವರಿಗೆ ಹೇಳುವುದು ಇಷ್ಟೇ. ತಾಯಿ ಇಲ್ಲ ಅಂದರೂ ಅವಳ ಎದುರಿನಿಂದ ಎದ್ದು ಹೋಗಬೇಡಿ. ಹೋದರೂ ಹೆದರಬೇಡಿ, ಅವಳೇ ಹಿಂದೆ ಬರುತ್ತಾಳೆ.

ಇನ್ನೊಂದು ಬರೆದು ಮುಗಿಸುತ್ತೇನೆ. ಸಾಲ ಸಿಕ್ಕ ಮೇಲಿನ ಮೊದಲ ಯುಗಾದಿ. ಬಟ್ಟೆಯ ಮೂಟೆ ಬರುತ್ತದೆ ಅಂತ ಬಿಡದಿ ಬಸ್ ಸ್ಟಾಂಡಿನಲ್ಲಿ ಕಾಯುತ್ತಿದ್ದೆ. ಆ ಹೊತ್ತಿಗೆ ಅಲ್ಲೇ ಇರುತ್ತೇನೆ ಅಂತ ಅತ್ತೆಗೆ ಮೊದಲೇ ಹೇಳಿದ್ದೆ. ಹಬ್ಬದ ಮುನ್ನಾದಿನ, ಕಾಲಿಡಲು ಜಾಗವಿಲ್ಲ. ಚನ್ನಪಟ್ಟಣದ ಕಡೆಯಿಂದ ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ಒಂದು ಬಟ್ಟೆ ಚೀಲ ಎತ್ತಿ ಹಿಡಿದು, ಇಡೀ ಸ್ಟಾಂಡಿಗೆ ಕೇಳುವ ಹಾಗೆ ಕೂಗಿದರು.

"ಅಕ್ಕೂರು ನಿಂಗಮ್ಮನ ಸೊಸೆ ಯಾರು? ರಾಗಿಹಿಟ್ಟು ಕಳ್ಸವ್ರೆ! ನಿಂಗಮ್ಮನ ಸೊಸೆ ಇದ್ದೀರಾ?"

ಅಷ್ಟೂ ಜನ ಸುತ್ತ ನೋಡಿದರು. ನಾನು ಕೈ ಎತ್ತಿದೆ.

"ನಾನೇ" ಅಂದೆ. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಜೋರಾಗಿ ಹೇಳಿದೆ. "ನಾನೇ ಕಣಣ್ಣ, ಇಲ್ಲಿದ್ದೀನಿ."